ನೀರು ನಿಲ್ಲಿಸುವ ಹನಿ

೧೮-೬-೮೪, ಸೋಮವಾರ

ಮುಂಜಾನೆಯಿಂದ ಒಂಬತ್ತು ತಂಬಿಗೆ ನೀರು. ಮೂರನೆಯ ಪಿರಿಯಡ್ ಮುಗಿಯುವುದರೊಳಗೆ ನಾಲ್ಕು ಸಲ ಹೊರಗೆ. ಶಾಲೆಯಲ್ಲಿ ಪಾಯಖಾನೆ ಇಲ್ಲ. ಬಾಜು ಮನೆ ಹನಮವ್ವನ ಹಿತ್ತಲೇ ಗತಿ. ಹೆಡ್ ಮಾಸ್ತರ ದಿನಕರರಾಯರು ಮೆಮೊ ಕೊಟ್ಟರು— ಪದೇ ಪದೇ ವರ್ಗ ಬಿಟ್ಟು ಹೋಗುವ ಚಟ. ಚಟವಂತೆ!

ಎಲ್ಲರ ಮುಂದೆಯೇ ಅಂದರು, “ಮುಕ್ತಾಬಾಯಾರ, ನೀರು ಕಡಿಮಿ ಮಾಡ್ರಿ. ಭೀಮಾಬಾಯಾರು ಹಿಂಗ ಹೋಗತಾರೇನು?”

ಎರಡನೇ ಇಯತ್ತೆಗೆ ಕಲಿಸುವ ಭೀಮಾಬಾಯಿ ತಲೆ ಎತ್ತಲಿಲ್ಲ.

೨೨-೬

ನೀರು ಬಿಟ್ಟು ನೋಡಿದೆ. ಹನ್ನೆರಡರ ತನಕ ಒಂದು ಗುಟುಕೂ ಇಲ್ಲ. ಮೂತ್ರ ಮಾತ್ರ ನಿಲ್ಲಲಿಲ್ಲ. ನಾಲಿಗೆ ಒಣ ತೊಗಲು. ಬೋರ್ಡಿನ ಮುಂದೆ ಬಿದ್ದೆನಂತೆ. ಹನಮವ್ವ ಓಡಿಬಂದು ಕುಡಿಸಿದಳು.

“ಇದು ಚಟ ಅಲ್ರಿ ಅಕ್ಕಾರ, ರೋಗ. ಹುಬ್ಬಳ್ಳಿಗೆ ಹೋಗೂಣು ನಡೀರಿ.”

೪-೭, ಹುಬ್ಬಳ್ಳಿ, ದವಾಖಾನೆ

ಸಕ್ಕರೆ ಕಾಯಿಲೆ ಅಲ್ಲ. ನಿನ್ನೆ ಮತ್ತೆ ನೀರು ಬಂದ್— ಈ ಸಲ ಪರೀಕ್ಷೆಗೆ. ತಾಸಿಗೊಮ್ಮೆ ತೂಕ, ಮೂತ್ರದ ಅಳತೆ. ತಿಳಿನೀರಿನಂತೆ ಹೋಗುತ್ತಲೇ ಇತ್ತು. ಮಧ್ಯಾಹ್ನ ಒಂದು ಇಂಜೆಕ್ಷನ್. ಸಂಜೆಗೆ ಕಡಿಮೆಯಾಯಿತು, ಹಳದಿಯಾಯಿತು. ಬಾಯಾರಿಕೆ ಇಳಿಯಿತು... ಮೂರು ವರ್ಷದ ಮೇಲೆ.

ಮೈಯಲ್ಲಿ ನೀರು ಹಿಡಿದಿಡಲು ತಲೆಯೊಳಗಿನ ಗ್ರಂಥಿಯಿಂದ ಒಂದು ರಸ ಬರಬೇಕಂತೆ. ನನಗೆ ಬರುವುದಿಲ್ಲ. ಅದರ ಬದಲಿಗೆ ಮೂಗಿಗೆ ಹಾಕುವ ಹನಿ. ಇನ್ನು ಬಾಯಾರಿದಾಗಷ್ಟೇ ಕುಡಿಯಬೇಕು. ಹೆಚ್ಚಾದರೆ ನೀರು ಮೈಯಲ್ಲೇ ನಿಂತು ಅಪಾಯ. ಚಟವಲ್ಲ ಎಂದು ಡಾಕ್ಟರ ಕೈಯಲ್ಲಿ ಬರೆಸಿಕೊಂಡೆ.

೧೨-೭

ಮೂರು ಪಿರಿಯಡ್ ಕದಲಲಿಲ್ಲ. ದಿನಕರರಾಯರು ಖುಷಿ. ಮನಸ್ಸು ಗಟ್ಟಿ ಮಾಡಿದರೆ ಆಗುತ್ತದೆ, ನಾ ಹೇಳಿರಲಿಲ್ಲವೇ ಎಂದರು. ಮೈ ಉರಿಯಿತು. ಡಾಕ್ಟರ ಚೀಟಿ ಮೇಜಿನ ಮೇಲಿಟ್ಟೆ. ಓದಿದರು. ಮೆಮೊ ಹರಿದರು. ತಪ್ಪಾಯಿತು ಅನ್ನಲಿಲ್ಲ.

ಪಾಯಖಾನೆ ಕಟ್ಟಿಸಲು ಬರೆದ ಅರ್ಜಿಯನ್ನೂ ಇಟ್ಟೆ.

“ನಿಮಗ ಆರಾಮಾತಲ್ರಿ. ಇನ್ಯಾರಿಗೆ ಬೇಕು ಅದು?”

ಭೀಮಾಬಾಯಿ ಎದ್ದರು. “ನನಗ ಬೇಕ್ರಿ.”

ಹೊರಗೆ ಹೋಗಬೇಕಾದೀತು ಎಂದು ಒಂಬತ್ತು ವರ್ಷದಿಂದ ಮುಂಜಾನೆ ಏನೂ ಕುಡಿಯದೆ ಬರುತ್ತಾರಂತೆ. ಅದಕ್ಕೆ ಯಾವ ಹನಿ? ಬಾಜುವೇ ಕೂತರೂ ನನಗೆ ಗೊತ್ತಾಗಿರಲಿಲ್ಲ. ನನ್ನ ಸಹಿಯ ಕೆಳಗೇ ತಮ್ಮ ಸಹಿ ಹಾಕಿದರು.

೧೩-೭, ಮುಂಜಾನೆ ೭

ಅರ್ಜಿ ನಾವೇ ಕುಂದಗೋಳದ ಶಿಕ್ಷಣ ಕಚೇರಿಗೆ ಒಯ್ಯುವುದು. ಭೀಮಾಬಾಯಿ ಓಣಿಯಿಂದಲೇ ಕರೆಯುತ್ತಿದ್ದಾರೆ, ಬಸ್ಸು ಬಂತಂತೆ. ಹುಡುಗಿಯರ ತಾಯಂದಿರ ಹನ್ನೊಂದು ಹೆಬ್ಬೆಟ್ಟು ತಂದಿದ್ದಾರೆ. ಸಾಹೇಬರು ಕೇಳದಿದ್ದರೆ ಅವರ ಬಾಗಿಲಲ್ಲೇ ಕೂತು—