ಎರಡು ಕಣ್ಣಿಗೂ ಭೂತಗನ್ನಡಿ

ಅಪ್ಪಾ,

ಓದೋಕೆ ನೀವಿಲ್ಲ ಅಂತ ಗೊತ್ತು. ಆದರೂ ಇದನ್ನು ನಿಮಗೆ ಹೇಳದೆ ನನಗೆ ಸಮಾಧಾನವಿಲ್ಲ.

ಮರೆವು ಹೆಚ್ಚಾದ ಮೇಲೆ ಅಮ್ಮನನ್ನು ಹಗಲು ಹೊತ್ತು ಆರೈಕೆ ಕೇಂದ್ರದಲ್ಲಿ ಬಿಡುತ್ತೇನೆ. ಇವತ್ತು ಸಂಜೆ ಕರೆದುಕೊಂಡು ಬರೋಕೆ ಹೋದಾಗ ಅಲ್ಲಿನ ನರ್ಸ್ ಡಬ್ಬಿಯಂಥ ದಪ್ಪ ಕನ್ನಡಕ ತಂದಿದ್ದರು. ಹಾಕಿಕೊಂಡರೆ ಸುತ್ತಲೂ ಕಾಡೋ ಸಮುದ್ರವೋ ಕಾಣುತ್ತದಂತೆ, ಮನಸ್ಸು ಹಗುರಾಗುತ್ತದಂತೆ. ಉಳಿದವರೆಲ್ಲ ಹೆದರಿ ಮುಖ ತಿರುಗಿಸಿದರು. ಅಮ್ಮ ಮಾತ್ರ ಕೈ ಚಾಚಿದಳು.

"ಸಿಸ್ಟರ್, ಇದು ನಮ್ಮನೆಯವರದ್ದು. ಗಡಿಯಾರ ರಿಪೇರಿ ಮಾಡುವಾಗ ಕಣ್ಣಿಗೆ ಸಿಗಿಸ್ಕೊಳ್ಳೋ ಭೂತಗನ್ನಡಿ. ಎರಡು ಕಣ್ಣಿಗೂ ಯಾವಾಗ ಮಾಡಿಸ್ಕೊಂಡ್ರು?"

ನರ್ಸ್ ಕನ್ನಡಕ ತೊಡಿಸಿ, ಅದರಲ್ಲಿ ಸಮುದ್ರದ ದೃಶ್ಯ ಹಾಕಿದರು. ಅಮ್ಮ ಚಪ್ಪಲಿ ಬಿಟ್ಟು, ಅಲೆ ಬಂದಾಗಲೆಲ್ಲ ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಕಿಲಕಿಲ ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ!

ಮುಂದಿನ ರಜೆಗೆ ಸಮುದ್ರ ತೋರಿಸ್ತೀನಿ ಅಂತ ನೀವು ಅವಳಿಗೆ ವರ್ಷಾ ವರ್ಷಾ ಹೇಳಿದಿರಿ, ಗಡಿಯಾರದ ಅಂಗಡಿಯಿಂದ ಮಾತ್ರ ಏಳಲಿಲ್ಲ. ಆ ಸಿಟ್ಟಿಗೇ ನಾನು ಅಂಗಡಿ ಕಡೆ ತಲೆ ಹಾಕೋದು ಬಿಟ್ಟಿದ್ದೆ. ನೀವು ಹೋದ ಮೇಲೂ ಅದರ ಬೀಗ ತೆಗೆದಿಲ್ಲ.

ಕನ್ನಡಕ ತೆಗೆದಾಗ ಅಮ್ಮ ನನ್ನನ್ನು ಹತ್ತಿರ ಎಳೆದುಕೊಂಡು ಗುಟ್ಟಾಗಿ ಹೇಳಿದಳು: "ಎಂಥಾ ಕಳ್ಳ ಕಣೇ ನಿಮ್ಮಪ್ಪ! ಇಷ್ಟು ವರ್ಷ ಒಬ್ಬರೇ ಇದನ್ನ ನೋಡ್ತಾ ಕೂತಿದ್ರು. ಇನ್ನು ಅಂಗಡಿ ಬಿಟ್ಟು ಯಾಕೆ ಏಳ್ತಾರೆ ಹೇಳು!"

ದಾರಿಯುದ್ದಕ್ಕೂ ಇಬ್ಬರೂ ನಗುತ್ತಾ ಮನೆಗೆ ಬಂದೆವು.

ನಾಳೆ ಹೋಗಿ ಬೀಗ ತೆಗೀತೀನಿ ಅಪ್ಪಾ. ನಿಮ್ಮ ಭೂತಗನ್ನಡಿ ಮೇಜಿನ ಡ್ರಾಯರಿನಲ್ಲೇ ಇದೆಯಲ್ವಾ?