ಗರಗಸಕ್ಕೆ ಕೊಬ್ಬು

ಮಾನ್ವಿ, 19-10-1946

ರಾಯಚೂರಿನ ಕಾರಖಾನೆಯ ಮಾಲೀಕರಾದ ವಿರೂಪಣ್ಣ ಸಾಹುಕಾರರಿಗೆ ಮೌನಪ್ಪನ ನಮಸ್ಕಾರ.

ಎಡಗೈಯಲ್ಲಿ ಬರೆದಿದ್ದೇನೆ, ಅಕ್ಷರಗಳು ಸೊಟ್ಟಗಿವೆ.

ಗರಗಸ ಮೈಲಿಗೆಯಾಗಿದೆ, ಬಂದು ತೊಳೆದು ಹೋಗು ಎಂದು ಹೇಳಿಕಳಿಸಿದ್ದೀರಿ. ಅಲ್ಯುಮಿನಿಯಂ ಕೊಯ್ಯುವ ಮೊದಲು ಹಲ್ಲಿಗೆ ಕೊಬ್ಬು ಸವರಬೇಕು, ಇಲ್ಲದಿದ್ದರೆ ಲೋಹ ಅಂಟಿಕೊಂಡು ತಗಡು ಸಿಡಿಯುತ್ತದೆ ಎಂದು ನಾನು ಅಂದೇ ಹೇಳಿದ್ದೆ. "ಆಯುಧಪೂಜಿ ಮಾಡಿದ ಗರಗಸಕ್ಕ ಕೊಬ್ಬು ಹಚ್ಚತೀಯೇನಲೇ? ಹಂಗ ಕೊಯ್ಯಿ," ಎಂದಿರಿ. ಕೊಯ್ದೆ. ತಗಡು ಸಿಡಿದು ನನ್ನ ಬಲಗೈ ಹೆಬ್ಬೆರಳು ಸೀಳಿತು. ಗರಗಸದ ಮೇಲೆ ಒಣಗಿರುವುದು ಆ ರಕ್ತವೇ.

ತೊಳೆಯಲು ನಾನು ಬರುವುದಿಲ್ಲ. ಗಾಯ ಮಾಯ್ದ ಮೇಲೆ ಕೆಲಸಕ್ಕೆ ಬರುತ್ತೇನೆ. ಅಷ್ಟರಲ್ಲಿ ಕೊಬ್ಬಿನ ಡಬ್ಬಿ, ಕಣ್ಣಿಗೆ ಕನ್ನಡಕ, ತಗಡನ್ನು ಬಿಗಿದು ಹಿಡಿಯಲು ಒಂದು ಶಿಕಂಜ ತರಿಸಿಡಿ. ಇಲ್ಲವಾದರೆ ತಗಡನ್ನು ನೀವೇ ಹಿಡಿಯಿರಿ. ಗರಗಸದ ಎಂಜಿನ್ ನಾನು ಚಾಲೂ ಮಾಡುತ್ತೇನೆ.

ಇಂತಿ,
ಮೌನಪ್ಪ