ವಿಶೇಷ ಏನೂ ಇಲ್ಲ

ಎಕ್ಸ್‌ರೇ ರೂಮಿನ ಪಕ್ಕದ ಕೋಣೆಯಿಂದ,
ಜೂನ್ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಭಾವನ ಕೆಮ್ಮು ಬಿಟ್ಟಿತಾ? ನಾನು ಚೆನ್ನಾಗಿದ್ದೇನೆ. ಇವತ್ತು ಬೆಳಿಗ್ಗೆಯಿಂದ ಚೆನ್ನಾಗಿದ್ದೇನೆ ಅನ್ನು. ಅದಕ್ಕೆ ಹಿಂದಿನ ಎರಡು ದಿನ ಸರಿಯಾಗಿ ಊಟ ಮಾಡಿಲ್ಲ. ಫೋನಿನಲ್ಲಿ ಹೇಳಲು ನಾಚಿಕೆ, ಅದಕ್ಕೇ ಕಾಗದ. ನಗಬೇಡ.

ಮೂರು ವಾರದ ಹಿಂದೆ ಒಬ್ಬ ಕಂಡಕ್ಟರಮ್ಮ ಬಸ್ಸಿನ ಮೆಟ್ಟಿಲಲ್ಲಿ ಜಾರಿಬಿದ್ದು, ಸೊಂಟ ಹಿಡಿದುಕೊಂಡು ಬಂದರು. ಸೊಂಟದ ಎಕ್ಸ್‌ರೇ ತೆಗೆಯುವ ಮೊದಲು, ಗರ್ಭಿಣಿ ಇರಬಹುದೇ ಎಂದು ಹೆಂಗಸರನ್ನು ಕೇಳಲೇಬೇಕು. ಗೋಡೆಯ ಮೇಲೆ ದಪ್ಪಕ್ಷರದ ಬೋರ್ಡೇ ಇದೆ, ಮೊಳೆ ಹೊಡೆದವನೂ ನಾನೇ. ಆದರೆ ನಿನ್ನ ತಮ್ಮನ ಬಾಯಿ ನಿನಗೆ ಗೊತ್ತಲ್ಲ. ಹನ್ನೊಂದು ವರ್ಷದಿಂದ ಆ ಪದ ನಾಲಿಗೆಯ ತುದಿಯವರೆಗೆ ಬಂದು ವಾಪಸ್ ಹೋಗುತ್ತದೆ. ಮುಖವನ್ನು ಯಂತ್ರದ ಕಡೆ ತಿರುಗಿಸಿಕೊಂಡು, "ಏನಾದ್ರೂ ವಿಶೇಷ ಇದೆಯಾ ಮೇಡಂ?" ಅಂದೆ. "ನಮ್ದೇನ್ ವಿಶೇಷ ಸಾರ್, ದಿನಾ ಅದೇ ರೂಟು, ಅದೇ ಜಗಳ" ಅಂದರು. ನಾನು ನಕ್ಕೆ. ಫಾರಂನಲ್ಲಿ 'ಇಲ್ಲ' ಅನ್ನುವ ಕಡೆ ಗುರುತು ಹಾಕಿ, ಎರಡು ಎಕ್ಸ್‌ರೇ ತೆಗೆದು ಕಳಿಸಿದೆ.

ಮಂಗಳವಾರ ಆಕೆ ಮತ್ತೆ ಬಂದರು. "ಆವತ್ತೇ ಹೊಟ್ಟೇಲಿ ಇತ್ತಂತೆ ಸಾರ್, ನಂಗೇ ಗೊತ್ತಿರ್ಲಿಲ್ಲ. ಪಕ್ಕದ್ಮನೆಯವ್ರು ಎಕ್ಸ್‌ರೇ ಬಿದ್ದಿದೆ, ತೆಗೆಸಿಬಿಡು ಅಂತಾರೆ" ಅಂದರು. ಬೈದಿದ್ದರೆ ಹಗುರಾಗುತ್ತಿದ್ದೆನೇನೋ, ಆಕೆ ಬೈಯಲೂ ಇಲ್ಲ. ನೇರ ನಮ್ಮ ಡಾಕ್ಟರಮ್ಮನ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. "ವಿಶೇಷ ಅಂದ್ರೆ ಏನಯ್ಯಾ? ಮದುವೆ ಮನೇಲಿ ಮಾತಾಡ್ತಿದ್ದೀಯಾ?" ಎಂದು ಚೆನ್ನಾಗಿ ಮಂಗಳಾರತಿ ಮಾಡಿದರು. ಆಮೇಲೆ ಯಂತ್ರದಲ್ಲಿ ದಾಖಲಾಗಿದ್ದ ಅಂಕಿಗಳನ್ನೆಲ್ಲ ತೆಗೆಸಿ, ವಿಕಿರಣ ಅಳೆಯುವ ತಜ್ಞರಿಗೆ ಕಳಿಸಿದರು.

ಉತ್ತರ ಇವತ್ತು ಬಂತು. ಮಗುವಿಗೆ ತಗುಲಿರುವುದು ತೀರಾ ಕಡಿಮೆ, ಹಾನಿಯಾಗುವ ಮಟ್ಟಕ್ಕಿಂತ ಎಷ್ಟೋ ಕೆಳಗೆ. ಇದೊಂದು ಕಾರಣಕ್ಕೆ ತೆಗೆಸುವ ಮಾತೇ ಬೇಡ ಎಂದು ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಆಮೇಲೆ ಅಲ್ಟ್ರಾಸೌಂಡ್ ಮಾಡಿದರು. ಅದರಲ್ಲಿ ವಿಕಿರಣವೇ ಇಲ್ಲ, ಬರೀ ಶಬ್ದದ ಅಲೆ. ಪರದೆಯ ಮೇಲೆ ಸಾಸಿವೆಯಷ್ಟು ಏನೋ ಪಟಪಟ ಮಿಡಿಯುತ್ತಿತ್ತು. ಕಂಡಕ್ಟರಮ್ಮ ನನ್ನ ಕಡೆ ತಿರುಗಿ, "ನೋಡಿ ಸಾರ್, ವಿಶೇಷ" ಅಂದರು. ನಾನು ಹೊರಗೆ ಬಂದು ಮುಖ ತೊಳೆದುಕೊಂಡೆ ಅಕ್ಕಾ. ಅತ್ತುಬಿಟ್ಟೆ ಅಂತಲೇ ಹೇಳುತ್ತೇನೆ, ನಿನ್ನ ಹತ್ತಿರ ಮುಚ್ಚಿಡುವುದೇನಿದೆ.

ಭಾವನಿಗೆ ನಮಸ್ಕಾರ ಹೇಳು. ನೀನು ಹೊತ್ತುಹೊತ್ತಿಗೆ ಊಟ ಮಾಡು.

ನಿನ್ನ ತಮ್ಮ,
ಗುಂಡ

ಇನ್ನೊಂದು ಮಾತು: ಇಷ್ಟು ಬರೆದು ಮಡಿಸುವಷ್ಟರಲ್ಲಿ ಭಾವನೇ ಬಂದರು, ಕಾಗದ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಹೊಟ್ಟೆನೋವಿಗೆಂದು ನಾಡಿದ್ದು ನಿಮ್ಮೂರ ಆಸ್ಪತ್ರೆಯಲ್ಲಿ ನಿನಗೆ ಸಿ.ಟಿ. ಸ್ಕ್ಯಾನ್ ಅಂತೆ. ಅದೂ ಎಕ್ಸ್‌ರೇಯೇ, ಇನ್ನೂ ಜಾಸ್ತಿ. ಮದುವೆಯಾಗಿ ಎಂಟು ವರ್ಷ, ಕಂಡಕಂಡವರೆಲ್ಲ ಕೇಳಿ ಕೇಳಿ ನಿನ್ನನ್ನು ಅಳಿಸಿದ ಪ್ರಶ್ನೆಯನ್ನು ನಾನೊಬ್ಬ ಯಾವತ್ತೂ ಕೇಳಿರಲಿಲ್ಲ. ಈಗ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಅಕ್ಕಾ, ನೀನು ಗರ್ಭಿಣಿ ಇರಬಹುದಾ? ಚೂರು ಅನುಮಾನವಿದ್ದರೂ ಸ್ಕ್ಯಾನಿಗೆ ಮೊದಲೇ ಅಲ್ಲಿಯ ಡಾಕ್ಟರಿಗೆ ಹೇಳು. ಹೆದರಿ ಸ್ಕ್ಯಾನ್ ತಪ್ಪಿಸಬೇಡ. ಬೇಕೋ, ಬೇರೆ ಥರ ನೋಡಬಹುದೋ ಅವರು ಯೋಚಿಸುತ್ತಾರೆ. ಅಲ್ಲಿರುವವನು ನನ್ನಂಥವನೇ ಆಗಿದ್ದು ಯಂತ್ರದ ಕಡೆ ತಿರುಗಿಕೊಂಡರೆ, ನೀನೇ ಬಾಯಿಬಿಟ್ಟು ಹೇಳು.